ತೊಂಬತ್ತನಾಲ್ಕು ಪಾಠಗಳ ಡಿಸ್ಕು

“ಗುರುಗಳೇ, ಕೈಯಲ್ಲಿರುವುದನ್ನು ಜೋಪಾನ ಮಾಡುವುದೂ ತಪ್ಪಾಗುತ್ತದೆಯೇ?” ಎಂದು ಶಿಷ್ಯ ಕೇಳಿದ.

ಆ ಶಿಷ್ಯ ಐದು ವರ್ಷಗಳಿಂದ ಒಂದು ಶಾಸ್ತ್ರಗ್ರಂಥಕ್ಕೆ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದ. ಬರೆದು ಮುಗಿದಿತ್ತು. ಹೊಸಬರಿಗೆ ಓದಿ ಹೇಳು ಎಂದರೆ, ಇನ್ನೊಂದು ಸಲ ತಿದ್ದಬೇಕು ಎನ್ನುತ್ತಿದ್ದ. ಗುರುಗಳು ಅವನ ಮುಖ ನೋಡಿ ನಕ್ಕರು.

“ಕೂತುಕೋ, ಒಂದು ಕತೆ ಹೇಳುತ್ತೇನೆ. ಇದರಲ್ಲಿ ರಾಜನಿಲ್ಲ, ಹುಲಿಯಿಲ್ಲ, ಮಾತಾಡುವ ಗಿಳಿಯೂ ಇಲ್ಲ. ಒಂದು ಕಂಪ್ಯೂಟರ್ ಇದೆ. ಮೂಗು ಮುರಿಯಬೇಡ” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಕಣ್ಣು ಕಾಣದ ಮಕ್ಕಳ ಹಾಸ್ಟೆಲ್ ಇತ್ತು. ಅದೇ ಊರಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಆ ಸೀಮೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ. ನಾವೂ ಹಾಗೇ ಅನ್ನೋಣ.

ಅಕ್ಕೋರು ಆ ಮಕ್ಕಳಿಗಾಗಿ ಪಠ್ಯಪುಸ್ತಕದ ಪಾಠಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಮಕ್ಕಳು ಅದನ್ನು ಕೇಳಿ ಕಲಿಯುತ್ತಿದ್ದರು. ಹನ್ನೆರಡು ವರ್ಷ ಹೀಗೆ ನಡೆದಿತ್ತು.

ಅವರದೊಂದು ನಿಯಮವಿತ್ತು. ರೆಕಾರ್ಡ್ ಮಾಡಿದ ಪಾಠವನ್ನು ತಾವು ಮೊದಲಿನಿಂದ ಕೊನೆಯವರೆಗೆ ಕೇಳದೆ ಯಾರಿಗೂ ಕೊಡುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮೊದಲ ವರ್ಷ ಅವಸರದಲ್ಲಿ ಓದುವಾಗ ಚರಿತ್ರೆಯ ಒಂದು ಇಸವಿ ತಪ್ಪಿತ್ತು. ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಅದನ್ನೇ ಹೇಳಿ ಬರೆಸಿದಳು. ಒಂದು ಅಂಕ ಹೋಯಿತು. ಹುಡುಗಿ ವಾರದಲ್ಲಿ ಮರೆತಳು. ಅಕ್ಕೋರು ಮರೆಯಲಿಲ್ಲ.

ಆ ವರ್ಷ ಹತ್ತನೆಯ ತರಗತಿಯ ಪುಸ್ತಕಗಳು ಬದಲಾದವು. ಹಳೆಯ ರೆಕಾರ್ಡುಗಳು ಕೆಲಸಕ್ಕೆ ಬಾರದಾದವು. ಹೊಸ ಪುಸ್ತಕಗಳು ಬ್ರೈಲ್ ಲಿಪಿಯಲ್ಲಿ ಇನ್ನೂ ಬಂದಿರಲಿಲ್ಲ. ಮೂವತ್ತೊಂದು ಮಕ್ಕಳು ಅಕ್ಕೋರ ದನಿಯನ್ನೇ ನಂಬಿಕೊಂಡಿದ್ದರು. ಅಕ್ಕೋರು ಹಗಲೆಲ್ಲ ಓದಿದರು. ಗಂಟಲು ನೋಯುತ್ತಿತ್ತು. ಬಿಸಿನೀರು ಕುಡಿದು ಓದಿದರು. ಆಗಸ್ಟ್ ತಿಂಗಳ ಹೊತ್ತಿಗೆ ತೊಂಬತ್ತನಾಲ್ಕು ಪಾಠಗಳೂ ಮುಗಿದವು.

ಗಂಟಲ ನೋವು ಹೋಗಲಿಲ್ಲ. ವೈದ್ಯರು ನೋಡಿ ಒಳಗೆ ಗಡ್ಡೆಯಿದೆ ಎಂದರು. ಆಪರೇಷನ್ ಆಯಿತು. ಅಕ್ಕೋರು ಉಳಿದರು, ದನಿ ಉಳಿಯಲಿಲ್ಲ. ಅಂದಿನಿಂದ ಹೇಳಬೇಕಾದ್ದನ್ನು ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸುತ್ತಿದ್ದರು.

ಹಾಸ್ಟೆಲಿನ ವಾರ್ಡನ್ ತಿಂಗಳಿಗೊಮ್ಮೆ ಬಂದು ಪಾಠಗಳನ್ನು ಕೊಡಿ ಎಂದು ಕೇಳುತ್ತಿದ್ದ. ಪೂರ್ತಿ ಕೇಳಿ ನೋಡಿ ಕೊಡುತ್ತೇನೆ ಎಂದು ಅಕ್ಕೋರು ಬರೆಯುತ್ತಿದ್ದರು. ಸುಳ್ಳಲ್ಲ, ದಿನವೂ ಕೇಳುತ್ತಿದ್ದರು. ನಲವತ್ತು ಪಾಠ ಕೇಳಿಯಾಗಿತ್ತು. ನಲವತ್ತೊಂದರಲ್ಲಿ ಒಂದು ತಪ್ಪು ಸಿಕ್ಕಿತು. ತಿದ್ದಿ ಓದೋಣವೆಂದರೆ ದನಿಯಿಲ್ಲ. ಅಂಥ ತಪ್ಪು ಹಿಂದಿನ ನಲವತ್ತರಲ್ಲೂ ನುಸುಳಿರಬಹುದು ಎಂದು ಅವರಿಗೆ ಭಯ ಹತ್ತಿತು. ಮತ್ತೆ ಒಂದನೆಯ ಪಾಠದಿಂದ ಶುರುಮಾಡಿದರು. ನೀನು ನಗಬೇಡ, ನಿನಗೆ ಆ ಹಕ್ಕಿಲ್ಲ.

ಆ ಪಾಠಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ತಪ್ಪಿರುವ ಪ್ರತಿ ಯಾರ ಕೈಗಾದರೂ ಸಿಕ್ಕಿ ಹರಡಿದರೆ ಎಂಬ ಹೆದರಿಕೆಯಿಂದ ಅಕ್ಕೋರೇ ಮಾಡಿಟ್ಟಿರಲಿಲ್ಲ. ಎಲ್ಲವೂ ಒಂದೇ ಕಂಪ್ಯೂಟರಿನ ಒಂದೇ ಡಿಸ್ಕಿನಲ್ಲಿತ್ತು.

ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರಿನೊಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬಂತು. ಪರದೆ ನಿಂತುಬಿಟ್ಟಿತು. ಅಕ್ಕೋರು ಆರಿಸಿ ಮತ್ತೆ ಹಾಕಿದರು. ತಡವಾಗಿ ತೆರೆಯಿತು. ಪಾಠಗಳು ಇವೆಯೋ ಇಲ್ಲವೋ ಎಂದು ವಿಜ್ಞಾನದ ಮೊದಲ ಪಾಠ ಹಾಕಿ ಕೇಳಿದರು. ಇತ್ತು. ಹೋದ ಜೀವ ಬಂದಂತಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ಮತ್ತೆ ಆರಿಸಿ ಹಾಕಿದರು, ಮತ್ತೆ ಅದೇ ಪಾಠ ಕೇಳಿದರು. ಹೀಗೇ ದಿನವಿಡೀ ನಡೆಯಿತು. ಸಂಜೆಯ ಹೊತ್ತಿಗೆ ಆ ಪಾಠ ಅರ್ಧಕ್ಕೇ ತೊದಲತೊಡಗಿತು.

ಅಷ್ಟರಲ್ಲಿ ಬೇರೆ ಕಡೆ ನಕಲು ಮಾಡಿಕೊಳ್ಳಬಹುದಿತ್ತಲ್ಲ ಎನ್ನುತ್ತೀಯ. ಮಾಡಿಕೊಳ್ಳಬಹುದಿತ್ತು. ಅವರಿಗೆ ಅದು ಹೊಳೆಯಲಿಲ್ಲ. ಪಾಠ ಇದೆ ಎಂಬ ಸಮಾಧಾನವೊಂದೇ ಆಗ ಬೇಕಾಗಿತ್ತು. ಅದು ಸಿಕ್ಕಿದ ಕೂಡಲೇ ಕರಗುತ್ತಿತ್ತು, ಮತ್ತೆ ಬೇಕಾಗುತ್ತಿತ್ತು.

ಸುದ್ದಿ ಮುಟ್ಟಿ ಮರುದಿನ ಬೆಳಿಗ್ಗೆ ಬಂದ ವಾರ್ಡನ್ ಆ ಡಿಸ್ಕನ್ನು ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡು ಅಕ್ಕೋರ ಜೊತೆ ಪಟ್ಟಣಕ್ಕೆ ಹೋದ. ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವವನೊಬ್ಬ ಅಲ್ಲಿದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ. ಅವನು ಡಿಸ್ಕನ್ನು ಮೇಜಿನ ಮೇಲಿಟ್ಟು ಕೇಳಿದ.

“ಸದ್ದು ಬಂದ ಮ್ಯಾಲೆ ಎಷ್ಟು ಸಲ ಚಾಲೂ ಮಾಡೀರಿ, ಅಕ್ಕೋರೆ?”

ಅಕ್ಕೋರು ನಾಲ್ಕು ಬೆರಳು ತೋರಿಸಿದರು. ಅವನು ಅವರ ಮುಖವನ್ನೇ ನೋಡಿದ. ಅಕ್ಕೋರು ತಲೆ ತಗ್ಗಿಸಿ ಇನ್ನೊಂದು ಕೈಯನ್ನೂ ಎತ್ತಿದರು. ಈಗ ಒಂಬತ್ತು ಬೆರಳುಗಳಿದ್ದವು.

“ಇದರೊಳಗ ಒಂದು ದುಂಡನ ತಟ್ಟಿ ತಿರುಗತೈತ್ರಿ. ಅದರ ಮ್ಯಾಲೆ ಒಂದು ಮುಳ್ಳು ತಾಗಲಾರ್ದಂಗ ಓಡಾಡಿ ಓದತೈತಿ. ಈಗ ಆ ಮುಳ್ಳು ತಟ್ಟಿಗೆ ತಾಗಾಕತ್ತೈತಿ. ಐತೋ ಇಲ್ಲೋ ಅಂತ ನೋಡಿದಷ್ಟೂ ಕೆರೀತೈತಿ” ಎಂದ. ತನ್ನ ಕೆಲಸದ ರೀತಿಯನ್ನೂ ಹೇಳಿದ. “ನಾ ಮೊದಲಿಂದ ಕೊನೀತನಕ ನಕಲು ತೆಗೀತೀನಿ. ಸಿಕ್ಕೊಂಡಲ್ಲಿ ಬಿಟ್ಟು ಮುಂದ ಹೋಗ್ತೀನಿ. ಬಿಟ್ಟದ್ದನ್ನ ಕೊನಿಗೆ ನೋಡೂಣು. ನಡುವ ಯಾವದನ್ನೂ ತೆರದು ಕೇಳಂಗಿಲ್ಲ. ನಿಲ್ಲಸು ಅನ್ನಂಗಿಲ್ಲ. ಒಮ್ಮೆ ನಿಂತ್ರ ಮತ್ತ ತಿರುಗತೈತಿ ಅನ್ನೂ ಭರೋಸೆ ಇಲ್ರಿ.”

ಅಕ್ಕೋರು ಪಾಟಿಯ ಮೇಲೆ ಬರೆದರು. ‘ಕಿವಿಯಾರೆ ಕೇಳಿ ನೋಡದೆ ನಾನು ಏನನ್ನೂ ತೆಗೆದುಕೊಂಡಿಲ್ಲ, ಕೊಟ್ಟಿಲ್ಲ.’

ಅವನು ಓದಿದ. “ಹಂಗಾದ್ರ ತಗೊಂಡು ಹೋಗ್ರಿ” ಎಂದ.

ವಾರ್ಡನ್ ಗಾಬರಿಯಿಂದ ಅಕ್ಕೋರ ಮುಖ ನೋಡಿದ. ಅಕ್ಕೋರು ಬರೆದದ್ದನ್ನು ಸೆರಗಿನಿಂದ ಒರೆಸಿದರು. ರಿಪೇರಿಯವನು ತಂತಿ ಸೇರಿಸಿದ. ಡಿಸ್ಕು ನರಳುತ್ತ ತಿರುಗಿತು.

ಪರದೆಯ ಮೇಲೆ ನೂರಕ್ಕೆ ಎಷ್ಟು ಬಂತು ಎಂಬ ಅಂಕಿ ಮಾತ್ರ ಕಾಣುತ್ತಿತ್ತು. ಯಾವ ಪಾಠ ಬಂತು, ಯಾವುದು ಬಿಟ್ಟುಹೋಯಿತು ಎಂಬುದು ಅವನಿಗೂ ಗೊತ್ತಿರಲಿಲ್ಲ. ಮೂರು ಎಂದು ತೋರಿಸುವಷ್ಟರಲ್ಲೇ ಡಿಸ್ಕು ಟಿಕ್ ಟಿಕ್ ಎಂದು ಸಿಕ್ಕಿಕೊಂಡಿತು. ಅವನು ಅಲ್ಲಿ ಬಿಟ್ಟು ಮುಂದೆ ಹೋದ. ಹತ್ತಾಯಿತು, ಇಪ್ಪತ್ತಾಯಿತು. ಕುರ್ಚಿ ಕೊಟ್ಟರೂ ಅಕ್ಕೋರು ಕೂರಲಿಲ್ಲ. ನಲವತ್ತಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ವಾರ್ಡನ್ ತಂದ ಚಹಾ ಕೆನೆಗಟ್ಟಿತು.

ಅಕ್ಕೋರಿಗೆ ತಡೆಯಲಾಗಲಿಲ್ಲ. ‘ಬಂದದ್ದರಲ್ಲಿ ಒಂದೇ ಒಂದು ಪಾಠ ಕೇಳಿಸು. ಬರೀ ಮೌನವನ್ನೇ ನಕಲು ಮಾಡುತ್ತಿದ್ದರೆ?’ ಎಂದು ಬರೆದು ರಿಪೇರಿಯವನ ಮುಂದೆ ಹಿಡಿದರು. ಅವನು ನೋಡಲಿಲ್ಲ. ಒರೆಸಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದರು. ಆಗಲೂ ಅವನು ಅಂಕಿಯಿಂದ ಕಣ್ಣು ತೆಗೆಯಲಿಲ್ಲ.

ಐವತ್ತಮೂರಕ್ಕೆ ಅಂಕಿ ನಿಂತಿತು. ಟಿಕ್ ಟಿಕ್ ಎಂಬ ಸದ್ದೂ ನಿಂತಿತು. ಅಂಗಡಿಯಲ್ಲಿ ಫ್ಯಾನಿನ ಸದ್ದಷ್ಟೇ ಉಳಿಯಿತು. ಒಂದು ನಿಮಿಷ ಕಳೆಯಿತು, ಎರಡು ನಿಮಿಷ ಕಳೆಯಿತು. ಅಕ್ಕೋರಿಗೆ ಮೂವತ್ತೊಂದು ಮಕ್ಕಳೂ ಕಣ್ಣಮುಂದೆ ಬಂದರು. ಆರಿಸಿ ಹಾಕಿದರೆ ತೆರೆದೀತು, ಮನೆಯಲ್ಲಿ ಹಾಗೇ ತೆರೆದಿತ್ತು ಎಂದು ತೋರಿತು. ಅವರ ಕೈ ಸ್ವಿಚ್ಚಿಗೆ ಹೋಯಿತು.

ರಿಪೇರಿಯವನು ಆ ಕೈಯನ್ನು ಗಬಕ್ಕನೆ ಹಿಡಿದ.

ವಾರ್ಡನ್ ಹೌಹಾರಿ ಎದ್ದು ನಿಂತ. ಗುರುವಿನ ಸಮಾನವಾದ ಹೆಣ್ಣುಮಗಳ ಕೈ ಹಿಡಿದದ್ದು ರಿಪೇರಿಯವನಿಗೂ ಇರಿಸುಮುರಿಸಾಯಿತು. ಆದರೆ ಬಿಡಲಿಲ್ಲ. ಅಕ್ಕೋರು ಎಳೆದರು. ಬೈಯಲು ಬಾಯಿ ತೆರೆದರು, ಬರೀ ಗಾಳಿ ಬಂತು. ಕಣ್ಣಲ್ಲಿ ನೀರು ಬಂತು. ಅವನು ಹಿಡಿದೇ ಇದ್ದ. ಅಷ್ಟರಲ್ಲಿ ಡಿಸ್ಕು ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿತು. ಅಂಕಿ ಐವತ್ತನಾಲ್ಕಾಯಿತು.

“ತಪ್ಪಾತ್ರಿ ಅಕ್ಕೋರೆ” ಎಂದು ಅವನು ಕೈ ಬಿಟ್ಟ. ಅಕ್ಕೋರು ಮೊದಲ ಸಲ ಕುರ್ಚಿಯಲ್ಲಿ ಕೂತರು.

ಆಗ ವಾರ್ಡನ್‌ಗೆ ಫೋನು ಬಂತು. ಹಾಸ್ಟೆಲಿನಿಂದ ಒಬ್ಬ ಹುಡುಗಿ ಮಾತಾಡಿದಳು. ಹಿಂದಿನಿಂದ ಉಳಿದ ಮಕ್ಕಳ ಗುಜುಗುಜು ಕೇಳುತ್ತಿತ್ತು. ಅಕ್ಕೋರಿಗೂ ಕೇಳಲೆಂದು ವಾರ್ಡನ್ ಫೋನಿನ ಸ್ಪೀಕರ್ ಹಾಕಿದ.

“ಸರ, ಪಾಠ ಸಿಕ್ಕಾವೇನ್ರಿ?”

“ತೆಗ್ಯಾಕತ್ತಾರವ್ವ. ಬಂದ ಮ್ಯಾಲೆ ಅಕ್ಕೋರು ಒಂದೊಂದನ್ನೂ ಕೇಳಿ ನೋಡಬೇಕಂತಾರ.”

“ತಪ್ಪಿದ್ರ ಇರಲ್ರಿ ಸರ, ಸಾಲ್ಯಾಗ ಮಾಸ್ತರನ್ನ ಕೇಳಿ ತಿದ್ದಕೋತೀವಿ. ಮದ್ಲ ಕೊಡ್ರಿ.”

ವಾರ್ಡನ್ ಫೋನು ಇಟ್ಟ. ಅಕ್ಕೋರು ಕೈಯಲ್ಲಿದ್ದ ಬಳಪವನ್ನು ಮೇಜಿನ ಮೇಲಿಟ್ಟರು. ಅಂಕಿ ನೂರು ಮುಟ್ಟುವವರೆಗೆ ಅದನ್ನು ಮತ್ತೆ ಎತ್ತಲಿಲ್ಲ.

ಆಮೇಲೆ ರಿಪೇರಿಯವನು ಬಿಟ್ಟುಬಂದ ಜಾಗಗಳಿಗೆ ಮರಳಿದ. ಐವತ್ತಮೂರರ ಬಳಿ ಬಿಟ್ಟಿದ್ದ ಚೂರುಪಾರು ಸಿಕ್ಕಿತು. ಮೂರರ ಬಳಿ ಹೋದ ಕೂಡಲೇ ಡಿಸ್ಕು ಗಾಜಿನ ಮೇಲೆ ಮೊಳೆ ಎಳೆದಂತೆ ಕಿರುಚಿತು. ಅವನು ತಂತಿ ಕಿತ್ತ. ಇನ್ನೊಮ್ಮೆ ಸೇರಿಸಿ ನೋಡಿದ. ಡಿಸ್ಕು ತಿರುಗಲಿಲ್ಲ.

ಈಗ ನಕಲನ್ನು ತೆರೆಯಬಹುದಿತ್ತು. ತೆರೆದು ಎಣಿಸಿದರು. ತೊಂಬತ್ತಮೂರು ಪಾಠಗಳು ಬಂದಿದ್ದವು. ಹೋದದ್ದು ವಿಜ್ಞಾನದ ಮೊದಲ ಪಾಠ. ಮುಳ್ಳು ಅತಿ ಹೆಚ್ಚು ಕೆರೆದದ್ದು ಅಲ್ಲಿಯೇ. ಅಕ್ಕೋರು ಹಿಂದಿನ ದಿನವಿಡೀ ಮತ್ತೆ ಮತ್ತೆ ಹಾಕಿ ಕೇಳಿದ್ದು ಅದೇ ಪಾಠವನ್ನು.

ವಾರ್ಡನ್ ಹೆದರುತ್ತಲೇ ಕೇಳಿದ. “ಇವನ್ನ ಕೇಳಿ ನೋಡಿ ಕೊಡ್ತೀರೇನ್ರಿ, ಅಕ್ಕೋರೆ?”

ಕೇಳುತ್ತ ಕೂತರೆ ಪರೀಕ್ಷೆ ಮುಗಿದು ಹೋಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಆದರೆ ನಲವತ್ತೊಂದನೆಯ ಪಾಠದಲ್ಲಿ ತಪ್ಪಿದೆಯೆಂದು ಅಕ್ಕೋರಿಗೆ ಗೊತ್ತೇ ಇತ್ತು. ಇನ್ನೆಲ್ಲಿ ಏನಿದೆಯೋ ಗೊತ್ತಿರಲಿಲ್ಲ. ಕೈ ಮುಂದೆ ಬಂತು, ಹಿಂದೆ ಹೋಯಿತು. ಕೊನೆಗೆ ನಕಲಿದ್ದ ಹೊಸ ಡಿಸ್ಕನ್ನು ಎತ್ತಿ ವಾರ್ಡನ್‌ನ ಕೈಗಿಟ್ಟರು. ಇಟ್ಟು, ಅವನ ಬೆರಳುಗಳನ್ನು ತಾವೇ ಮಡಚಿದರು. ಮನಸ್ಸು ಬದಲಾದೀತು ಎಂದು ಅವರಿಗೇ ಭಯವಿತ್ತು.

ಅಂದು ಸಂಜೆಯೇ ಮಕ್ಕಳು ಪಾಠ ಕೇಳಲು ಕೂತರು. ಹೋದ ಒಂದು ಪಾಠವನ್ನು ವಾರ್ಡನ್ ತಾನೇ ಓದಿ ರೆಕಾರ್ಡ್ ಮಾಡಿದ. ಅವನ ಓದಿನಲ್ಲಿ ಸಾಲಿಗೊಂದು ತಪ್ಪಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕು ತಿದ್ದಿಕೊಂಡರು. ಅಕ್ಕೋರ ಪಾಠಗಳಲ್ಲಿ ಎಲ್ಲ ಸೇರಿ ಐದು ತಪ್ಪು ಸಿಕ್ಕವು. ಅವನ್ನೂ ತಿದ್ದಿಕೊಂಡು ಪರೀಕ್ಷೆಗೆ ಹೋದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾದಂತೆ ಕಂಡಿತು. “ಹಾಗಾದರೆ ಒಂಬತ್ತು ಸಲ ಕೇಳಿದ್ದಕ್ಕೆ ಹೋದದ್ದು ಒಂದೇ ಪಾಠ. ದೊಡ್ಡ ನಷ್ಟವೇನೂ ಆಗಲಿಲ್ಲ, ಅಲ್ಲವೇ ಗುರುಗಳೇ?” ಎಂದ.

ಗುರುಗಳು ಹೇಳಿದರು. “ಯಂತ್ರ ಕಳೆದದ್ದು ಒಂದೇ ಪಾಠವನ್ನು, ಅದಕ್ಕೆ ಮೊದಲು ಏಳು ತಿಂಗಳು ಆ ಮಕ್ಕಳ ಪಾಲಿಗೆ ತೊಂಬತ್ತನಾಲ್ಕೂ ಕಳೆದೇ ಹೋಗಿದ್ದವಲ್ಲ.”