ಅಳಿಲಿಗೆ ಅಂಜಿಕೆ ಕಲಿಸಿದ ಪಿಂಜಾರ

ಬಹಳ ಹಿಂದೆ, ಎರೆಹೊಲಗಳ ನಡುವೆ ಒಂದೂರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ನನ್ನ ಅಜ್ಜಿಗೂ ಅವಳ ಅಜ್ಜಿ ಹೇಳಿದ್ದು. ಆ ಊರಲ್ಲಿ ದಸ್ತಗೀರಸಾಬ ಅಂತ ಒಬ್ಬ ಪಿಂಜಾರ ಇದ್ದನಂತೆ.

ಪಿಂಜಾರ ಅಂದರೆ ಅರಳೆ ಹಿಂಜುವವನು. ಆಳುದ್ದದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗುವುದು, ಗಂಟುಗಟ್ಟಿದ ಹಳೆ ಗಾದಿಯ ಅರಳೆಯನ್ನು ಪಡಸಾಲೆಯಲ್ಲಿ ಸುರುವಿಕೊಳ್ಳುವುದು, ಬಿಲ್ಲಿನ ನರಕ್ಕೆ ಮರದ ಕೊಡತಿಯಿಂದ ಹೊಡೆದು ಹೊಡೆದು ಅದನ್ನು ಮತ್ತೆ ಹಗುರ ಮಾಡಿ ಕೊಡುವುದು. ಅವನು ಹಿಂಜಿದ ಗಾದಿಯ ಮೇಲೆ ಮಲಗಿದರೆ ಮುದುಕರ ಸೊಂಟನೋವು ಹೋಗುತ್ತಿತ್ತು ಅಂತಾರೆ. ಅವನ ಏಟಿಗೆ ಅರಳೆ ಸೂರಿನ ತನಕ ಎದ್ದು, ಹೇಳಿದ ಜಾಗದಲ್ಲೇ ಇಳಿಯುತ್ತಿತ್ತು ಅಂತಾರೆ.

ಒಂದು ವರ್ಷ ಊರಿಗೆ ದೊಡ್ಡ ಬೇನೆ ಬಂತು. ಅವನ ಹೆಂಡತಿ ಹೋದಳು. ಮೂರು ದಿನ ಬಿಟ್ಟು ಮಗಳೂ ಹೋದಳು. ಊರವರು ಕೆಟ್ಟವರಲ್ಲ, ಬಂದರು, ಮಣ್ಣು ಹಾಕಿದರು, ನಾಲ್ಕು ದಿನ ರೊಟ್ಟಿ ಕಳಿಸಿದರು. ಆಮೇಲೆ ಎಲ್ಲರಿಗೂ ಅವರವರ ಹೊಲ, ಅವರವರ ಮನೆಯ ಅಳು. ದಸ್ತಗೀರಸಾಬ ಕರೆದಲ್ಲಿಗೆ ಹೋಗುತ್ತಿದ್ದ, ಕೆಲಸ ಮುಗಿಸಿ ಬರುತ್ತಿದ್ದ. ದಿನಕ್ಕೆ ಹತ್ತು ಮಾತು ಆಡುತ್ತಿದ್ದನೋ ಇಲ್ಲವೋ. ಒಬ್ಬನಿಗೋಸ್ಕರ ಒಲೆ ಹೊತ್ತಿಸಲು ಬೇಸರವಾಗಿ ಮೂರು ದಿನದ ರೊಟ್ಟಿ ಒಂದೇ ಸಲ ಬಡಿದಿಟ್ಟುಕೊಳ್ಳುತ್ತಿದ್ದ.

ಆ ವರ್ಷದ ಮಾಗಿ ಚಳಿ ಎಂಥದು ಅಂದರೆ, ಕೊಡದ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತಂತೆ. ಹೊಲದಲ್ಲಿ ಸುಗ್ಗಿ ಮುಗಿದಿತ್ತು, ಕಾಳು ಕಣಜ ಸೇರಿತ್ತು. ಅವನ ಹಿತ್ತಲ ಬೇವಿನ ಮರ ಎಲೆ ಉದುರಿಸಿ ನಿಂತಿತ್ತು. ಒಂದು ದಿನ ಬೆಳಿಗ್ಗೆ ಅವನು ಹಿತ್ತಲಲ್ಲಿ ಅರಳೆ ಬಿಸಿಲಿಗೆ ಹಾಕಿದ್ದಾಗ ಒಂದು ಅಳಿಲು ಬಂತು. ಬಾಯಿತುಂಬ ಅರಳೆ ತುಂಬಿಕೊಂಡು ಮರ ಹತ್ತಿ ಗೂಡಿಗೆ ಹೋಯಿತು. ಮತ್ತೆ ಬಂತು. ಅವನು ಅಟ್ಟಲಿಲ್ಲ. ಅವನ ಮನೆಗೆ ಕರೆಯದೆ ಒಂದು ಜೀವ ಬಂದು ಎಷ್ಟೋ ತಿಂಗಳಾಗಿತ್ತು.

ಮರುದಿನ ಸಂತೆಯಿಂದ ಉಪ್ಪು ಹಚ್ಚಿ ಹುರಿದ ಶೇಂಗಾ ತಂದು ಕಲ್ಲಿನ ಮೇಲೆ ಇಟ್ಟ. ಹಿತ್ತಲ ಗೋಡೆಯ ಆಚೆ ಹುಲಿಗೆವ್ವ ಅಂತ ಕುರಿ ಕಾಯುವ ಹೆಂಗಸು ಇದ್ದಳು. ಬಾಯಿ ಜೋರು, ಮೂಕ ಪ್ರಾಣಿಗಳ ಸಂಗಡವೇ ಬೆಳೆದವಳು. ಅವಳು ಗೋಡೆ ಮೇಲಿಂದ ನೋಡಿ ಕೂಗಿದಳಂತೆ:

"ದಸ್ತಗೀರಣ್ಣಾ, ಅದನ್ನ ಸಾಕತೀಯೋ, ಸಾಯಸ್ತೀಯೋ? ಉಪ್ಪಿಂದು ಹಾಕಬ್ಯಾಡ. ಸಿಪ್ಪಿ ಸುಲದದ್ದೂ ಬ್ಯಾಡ. ಕಡದು ತಿನ್ನಲಿಲ್ಲಂದ್ರ ಅವುಗಳ ಹಲ್ಲು ಬೆಳದು ಬಾಯಿ ಮುಚ್ಚಾಕ ಬರೂದಿಲ್ಲ."

"ಮತ್ತೇನ್ ಹಾಕಲಿ ತಂಗೀ?"

"ಹೊಲದಿಂದ ಬಂದ ಹಸಿ ಶೇಂಗಾ, ಸಿಪ್ಪಿ ಸಮೇತ. ಬೂಸರು ಹಿಡದದ್ದು ಬ್ಯಾಡ. ಒಂದ್ ಹಿಡಿ ಸಾಕು, ಉಳದದ್ದು ಅವು ಹುಡುಕ್ಕೊಂಡು ತಿನ್ನಲಿ. ನೀರಿಡೂದು ಮರೀಬ್ಯಾಡ."

ಅವನು ಹಾಗೇ ಮಾಡಿದ. ಒಂದಿದ್ದದ್ದು ಮೂರಾಯಿತು, ಮೂರು ಹತ್ತಾಯಿತು. ಮೊದಲು ಕಲ್ಲಿನ ಮೇಲಿಂದ ತಿಂದವು, ಆಮೇಲೆ ಅವನ ಪಾದದ ಹತ್ತಿರ, ಆಮೇಲೆ ಅಂಗೈಯಿಂದ. ಅವನು ಬಿಲ್ಲಿನ ನರ ಒಂದು ಸಲ ಮೀಟಿದರೆ ಸಾಕು, ಸೀಮೆಯ ಅಳಿಲೆಲ್ಲ ಓಡಿ ಬರುತ್ತಿದ್ದವು ಅಂತಾರೆ. ಅವನ ರುಮಾಲಿನಲ್ಲೇ ಒಂದು ಮರಿ ಹಾಕಿತ್ತು ಅಂತಾರೆ. ಕಿವಿ ಹರಿದ ಒಂದು ಅಳಿಲು ಅವನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ, ಅದಕ್ಕೆ ಮಗಳ ಹೆಸರಿಟ್ಟಿದ್ದ ಅಂತಲೂ ಅಂತಾರೆ. ಹೆಸರಿನ ಮಾತು ನಾನು ನಂಬುವುದಿಲ್ಲ. ಆದರೆ ಅವನು ಮತ್ತೆ ಮಾತಾಡಲು ಶುರು ಮಾಡಿದ್ದು ನಿಜವಂತೆ. ಯಾವ ಮನೆಯ ಗಾದಿಯಲ್ಲಿ ಏನು ಸಿಕ್ಕಿತು, ಯಾರು ಮಜ್ಜಿಗೆ ಕೊಟ್ಟರು, ಎಲ್ಲವನ್ನೂ ಅವಕ್ಕೆ ಹೇಳುತ್ತ ಕೂರುತ್ತಿದ್ದ. ದಿನಾ ರೊಟ್ಟಿ ಬಡಿಯುವುದಕ್ಕೂ ಶುರುಮಾಡಿದ.

ಮುಂದಿನ ಮಾಗಿಯಲ್ಲಿ ಊರೂರು ತಿರುಗುವ ಒಬ್ಬ ಮನುಷ್ಯ ಬಂದು ಚಾವಡಿಯಲ್ಲಿ ಇಳಿದುಕೊಂಡ. ಎಲ್ಲಿಯವನು, ಏನು ಹೆಸರು, ಯಾರಿಗೂ ಗೊತ್ತಿಲ್ಲ. ಅವತ್ತು ದಸ್ತಗೀರಸಾಬ ಪಕ್ಕದ ಊರಿಗೆ ಮದುವೆ ಗಾದಿ ಹಿಂಜಲು ಹೋಗಿದ್ದ. ಮಧ್ಯಾಹ್ನ ಮನೆಗೆ ಬಂದು ಹಿತ್ತಲಿಗೆ ಹೋದ. ನರ ಮೀಟಿದ. ಮೂರೇ ಮೂರು ಬಂದವು, ಅವೂ ಗಾಬರಿಯಾಗಿದ್ದವು. ಕಲ್ಲಿನ ಸುತ್ತ ಶೇಂಗಾ ಸಿಪ್ಪೆ ಬಿದ್ದಿತ್ತು. ಅವನು ಹಾಕಿದ ಶೇಂಗಾ ಅಲ್ಲ ಅದು.

ಗೋಡೆಯ ಹತ್ತಿರ ಹೋಗಿ ಹುಲಿಗೆವ್ವನನ್ನು ಕರೆದ. ಅವಳು ಬಂದಳು.

"ಯಾರೋ ಒಬ್ಬಾಂವ ಕುಂತಿದ್ದ ಅಣ್ಣಾ, ಮಡಿಲಾಗ ಚೀಲ ಇಟ್ಕೊಂಡು. ಅವನ ಅಂಗೈ ಮ್ಯಾಲ ಅಳಿಲು ಹತ್ತತಿದ್ವು. ನಿಮ್ಮ ಬಳಗದಾಂವ ಇರಬೇಕು ಅಂದ್ಕೊಂಡು ನಾ ಕುರಿ ಹೊಡಕೊಂಡು ಹೋದೆ."

ಚಾವಡಿಗೆ ಓಡಿದ. ಅಲ್ಲಿ ಯಾರೂ ಇರಲಿಲ್ಲ. ಊರ ನಾಲ್ಕು ದಾರಿಯಲ್ಲೂ ಅರ್ಧ ಹರದಾರಿ ಹೋಗಿ ಬಂದ. ಆ ಮನುಷ್ಯ ಸಿಗಲಿಲ್ಲ. ತಿನ್ನಲು ಹಿಡಿದನೋ, ಔಷಧಕ್ಕೆ ಹಿಡಿದನೋ, ಅದೂ ತಿಳಿಯಲಿಲ್ಲ. ಹಿತ್ತಲಿಗೆ ಬಂದು ಕೂತ. ಹುಲಿಗೆವ್ವ ಆ ಮನುಷ್ಯನಿಗೆ ಹಿಡಿಶಾಪ ಹಾಕುತ್ತಿದ್ದರೆ ತಡೆದನಂತೆ.

"ಅವನ್ನ ಬೈಬ್ಯಾಡ ತಂಗೀ. ಮನಷ್ಯಾನ ಕೈ ಅಂದ್ರ ಶೇಂಗಾ ಅಂತ ಅವಕ್ಕ ಕಲಿಸಿದಾಂವ ನಾನು."

ಹುಲಿಗೆವ್ವ, "ಹಂಗಾರ ಮರಸು. ಅಂಜಿಕಿ ಕಲಸು," ಅಂದಳು.

"ಚಳಿ ಮುಗಿಯೂ ತನಕ ಬಿಡವ್ವಾ," ಅಂದ. ಹಾಗೆ ಹೇಳುವಾಗಲೂ ಕಿವಿಹರಕ ಅವನ ಹೆಗಲ ಮೇಲೇ ಇತ್ತು. ಅದು ಆ ಮೂರರಲ್ಲಿ ಒಂದು.

"ಚಳಿ ಯಾರ ಸಲುವಾಗಿ ಅಣ್ಣಾ, ಅವುಕೋ ನಿನಗೋ?"



ಮರುದಿನದಿಂದ ಅವು ಹತ್ತಿರ ಬಂದಾಗಲೆಲ್ಲ ಕೊಡತಿಯಿಂದ ಮರದ ಹಲಗೆ ಬಡಿದ. ಎರಡು ಅಳಿಲು ನಾಲ್ಕು ದಿನದಲ್ಲಿ ದೂರವಾದವು. ಕಿವಿಹರಕಕ್ಕೆ ಮಾತ್ರ ತಿಳಿಯಲಿಲ್ಲ. ಬಡಿದರೆ ಮರ ಹತ್ತುತ್ತಿತ್ತು, ಇಳಿದು ಮತ್ತೆ ಬರುತ್ತಿತ್ತು. ಹೆಗಲು ಕೊಡವಿದರೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಏಳನೆಯ ದಿನ ಅವನು ಒಂದು ಮಣ್ಣಹೆಂಟೆ ತೆಗೆದುಕೊಂಡು, ತಾಗದ ಹಾಗೆ, ಆದರೆ ಅದರ ಮೂಗಿನ ಮುಂದೆಯೇ ಒಡೆದು ಸಿಡಿಯುವ ಹಾಗೆ ಎಸೆದ. ಅದು ಬೇವಿನ ತುದಿಗೆ ಹೋಗಿ ಚಿಂವ್ ಚಿಂವ್ ಅಂತ ಮಧ್ಯಾಹ್ನದ ತನಕ ಕೂಗಿತು. ಮತ್ತೆಂದೂ ಅವನ ಮೈಮುಟ್ಟಲಿಲ್ಲ. ಅವತ್ತು ಅವನು ಬಿಲ್ಲು ಮುಟ್ಟಲಿಲ್ಲ, ಕರೆದ ಮನೆಗೂ ಹೋಗಲಿಲ್ಲ.

ಆದರೆ ತುತ್ತು ನಿಲ್ಲಿಸಲಿಲ್ಲ. ಒಡೆದ ಮಡಕೆಯ ತಳವನ್ನು ಬೆಕ್ಕು ನೆಗೆಯಲಾರದ ಎತ್ತರಕ್ಕೆ ಕೊಂಬೆಯಲ್ಲಿ ಕಟ್ಟಿದ. ಬಿಸಿಲು ಬೀಳುವ ಮೊದಲೇ ಅದನ್ನು ತೊಳೆದು ಒಂದು ಹಿಡಿ ಸಿಪ್ಪೆ ಶೇಂಗಾ ಹಾಕುತ್ತಿದ್ದ, ಇನ್ನೊಂದರಲ್ಲಿ ನೀರು ಇಡುತ್ತಿದ್ದ. ಅವು ಎಚ್ಚರಾಗುವಷ್ಟರಲ್ಲಿ ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದ. ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆಚೆಯಿಂದ ಸಿಪ್ಪೆ ಕಡಿಯುವ ಸದ್ದು ಬರುತ್ತಿತ್ತು. ಅದು ನಿಂತ ಮೇಲೆ ಎದ್ದು ಕೆಲಸಕ್ಕೆ ಹೋಗುತ್ತಿದ್ದ. ಹೀಗೆ ಹನ್ನೆರಡು ಮಾಗಿ ಕಳೆದ ಅಂತಾರೆ. ಇಪ್ಪತ್ತು ಅನ್ನುವವರೂ ಇದ್ದಾರೆ. ಆ ಬಾಗಿಲಲ್ಲಿ ಒಂದು ಸಂದಿಯಿತ್ತಂತೆ. ನೋಡಬೇಕು ಅನ್ನಿಸಬಾರದು ಅಂತ ಅವನೇ ಅದಕ್ಕೆ ಅರಳೆ ತುರುಕಿದ್ದನಂತೆ.

ಒಂದು ಮಾಗಿಯ ಬೆಳಿಗ್ಗೆ ಮಡಕೆ ಖಾಲಿ ಇದ್ದದ್ದು ನೋಡಿ ಹುಲಿಗೆವ್ವ ಗೋಡೆ ಹತ್ತಿ ಇಳಿದು ಬಾಗಿಲು ನೂಕಿದಳು. ಅವನು ಹಿಂದಿನ ದಿನವೇ, ಒಳಗಿಂದ ಬಾಗಿಲಿಗೆ ಒರಗಿಕೊಂಡೇ ಹೋಗಿಬಿಟ್ಟಿದ್ದ. ಊರವರು ಹೊತ್ತೊಯ್ದರು. ಕಬರಸ್ತಾನದ ಸುತ್ತಲಿನ ಮರಗಳ ಮೇಲೆ ಎಲೆಗಿಂತ ಹೆಚ್ಚು ಅಳಿಲು ಕೂತಿದ್ದವು ಅಂತಾರೆ. ಯಾರೋ ಕರುಣೆಯಿಂದ ಶೇಂಗಾ ಅಂಗೈಯಲ್ಲಿ ಹಿಡಿದು ಕರೆದರು. ಒಂದೂ ಇಳಿಯಲಿಲ್ಲ. ಕೈ ಚಾಚಿದವರನ್ನು ನೋಡಿದ್ದೇ ಎಲ್ಲ ತುದಿಗೆ ಏರಿದವು. ಮೂಕ ಪ್ರಾಣಿಗೆ ಉಪಕಾರ ನೆನಪಿಲ್ಲ ಅಂದ ಒಬ್ಬ. ಹುಲಿಗೆವ್ವ ಅಳುತ್ತಲೇ ತಲೆಯೆತ್ತಿ ನೋಡಿದಳಂತೆ. "ಇಲ್ಲಪ್ಪಾ," ಅಂದಳಂತೆ, "ಕಲತಾವ. ಎಲ್ಲಾವೂ ಕಲತಾವ."

ಈಗಲೂ ಆ ಊರಲ್ಲಿ ಮಾಗಿ ಬಂತು ಅಂದರೆ ಹಿತ್ತಲಿದ್ದವರೆಲ್ಲ ಕೊಂಬೆಗೆ ಮಡಕೆಯ ತಳ ಕಟ್ಟುತ್ತಾರೆ. ಸಾಬರ ಮನೆ, ಲಿಂಗಾಯತರ ಮನೆ ಅಂತಿಲ್ಲ. ಸೊಸೆಯಾಗಿ ಬಂದವಳಿಗೆ ಅತ್ತೆ ಮೊದಲ ಮಾಗಿಯಲ್ಲೇ ಹೇಳಿಕೊಡುತ್ತಾಳೆ: ಉಪ್ಪಿಲ್ಲದ್ದು, ಸಿಪ್ಪೆ ಇದ್ದದ್ದು, ಒಂದೇ ಹಿಡಿ. ಇಟ್ಟು, ಮೂರು ಸಲ ಚಪ್ಪಾಳೆ ಹೊಡೆದು, ಒಳಗೆ ಬಂದು ಬಾಗಿಲು ಹಾಕಬೇಕು. ಸದ್ದು ನಿಲ್ಲುವ ತನಕ ತೆಗೆಯಬಾರದು. ನಾನೂ ಆ ಊರಿನ ಸೊಸೆ. ಐವತ್ತು ಮಾಗಿ ಆ ಬಾಗಿಲ ಹಿಂದೆ ಕೂತಿದ್ದೇನೆ. ಆ ಊರಿನ ತುಂಬ ಅಳಿಲು. ಒಂದನ್ನಾದರೂ ಮುಟ್ಟಿ ನೋಡಿದವರು ಮಾತ್ರ ಯಾರೂ ಇಲ್ಲ.