ಫಾರ್ಮಕೋನ್ ಎಂಬ ಪದ

ಹೊಳೆ ಕಡಲು ಸೇರುವಲ್ಲಿ ನಾಗಾರ್ಯರ ಆಶ್ರಮವಿತ್ತು. ಪ್ರಾಯದಲ್ಲಿ ಹಡಗು ಹತ್ತಿ ಹೋಗಿ ಯವನರ ನಾಡಿನಲ್ಲಿ ಹಲವು ವರ್ಷ ಇದ್ದು ಬಂದವರು ಅವರು. ಅವರಷ್ಟು ಚೆನ್ನಾಗಿ ಗ್ರೀಕ್ ಭಾಷೆ ಬಲ್ಲವರು ಆ ಕರಾವಳಿಯಲ್ಲಿ ಬೇರೆ ಇರಲಿಲ್ಲ.

ಅವರ ಶಿಷ್ಯ ಮಾಚಣ ಬಲು ಚುರುಕು. ಒಮ್ಮೆ ಕೇಳಿದ ಪದವನ್ನು ಮರೆಯುತ್ತಿರಲಿಲ್ಲ. ಪದಕ್ಕೊಂದು ಅರ್ಥ ಸಿಕ್ಕಿತೋ, ಮುಂದಿನದಕ್ಕೆ ಹಾರುತ್ತಿದ್ದ. ಸ್ವಲ್ಪ ನಿಲ್ಲು ಎಂದು ಗುರುಗಳು ಹೇಳಿದ್ದುಂಟು. ಅವನು ನಿಂತವನಲ್ಲ.

ಒಂದು ದಿನ ಬಿರುಗಾಳಿಗೆ ಸಿಕ್ಕಿ ಒಡೆದ ಹಡಗಿನಿಂದ ಇಬ್ಬರು ಯವನರು ದಡ ಸೇರಿದರು. ಥಿಯೋನ್ ಎಂಬವನು ಮತ್ತು ಅವನ ತಮ್ಮ. ತಮ್ಮನಿಗೆ ಮೈ ಸುಡುವ ಜ್ವರ. ಊರವರು ಛತ್ರದಲ್ಲಿ ಜಾಗ ಕೊಟ್ಟರು.

ಥಿಯೋನ್ ಒಂದು ಪುಟ್ಟ ಕುಡಿಕೆಯಿಂದ ಕಪ್ಪಗಿನದೇನನ್ನೋ ತೆಗೆದು ತಮ್ಮನ ನಾಲಿಗೆಗೆ ಸವರುತ್ತಿದ್ದ. ಅದನ್ನು ಕಂಡವರಿಗೆ ಅನುಮಾನ ಬಂತು. ಊರ ಹೆಗ್ಗಡೆ ಮಾಚಣನನ್ನು ಕರೆಸಿದ.

ಇದೇನು ಎಂದು ಮಾಚಣ ಯವನರ ಮಾತಿನಲ್ಲಿ ಕೇಳಿದ.

"ಫಾರ್ಮಕೋನ್" ಎಂದ ಥಿಯೋನ್.

ಆ ಪದ ಮಾಚಣನಿಗೆ ಗೊತ್ತಿತ್ತು. ರಾಣಿಯೊಬ್ಬಳು ಗಂಡನ ಬಟ್ಟಲಿಗೆ ಅದನ್ನು ಬೆರೆಸಿದ ಕಥೆ ಓದಿದ್ದ. ನೆರೆದವರೆಲ್ಲ ತನ್ನ ಬಾಯನ್ನೇ ನೋಡುತ್ತಿದ್ದರು. ಅದು ಅವನಿಗೆ ಹಿತವಾಗಿತ್ತು.

"ವಿಷ" ಎಂದ.

ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುಡಿಕೆ ಹೊಳೆಗೆ ಬಿತ್ತು. ಥಿಯೋನನ ಕೈ ಕಟ್ಟಿ ಉಗ್ರಾಣದಲ್ಲಿ ಕೂಡಿಹಾಕಿದರು. ಅವನು ಒಂದೇ ಸಮನೆ ಏನೋ ಕೂಗುತ್ತಿದ್ದ. ಆ ಗದ್ದಲದಲ್ಲಿ ಮಾಚಣನಿಗೆ ಕೇಳಿಸಲಿಲ್ಲ. ಅವನು ಕಿವಿಗೊಡಲೂ ಇಲ್ಲ.

ಮರುದಿನ ಬೆಳಗ್ಗೆ ತಮ್ಮ ತೀರಿಕೊಂಡ.

ಸುದ್ದಿ ಕೇಳಿ ಮಾಚಣ ಆಶ್ರಮಕ್ಕೆ ಬಂದ. ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ. ಕೊನೆಗೆ, "ಫಾರ್ಮಕೋನ್ ಅಂದರೆ ವಿಷ ತಾನೆ, ಗುರುಗಳೇ?" ಎಂದ.

ನಾಗಾರ್ಯರು ತಿರುಗಿ ಅವನನ್ನೇ ಕೇಳಿದರು.

"ಚಿಕ್ಕಂದಿನಲ್ಲಿ ಜ್ವರ ಬಂದರೆ ನಿನ್ನ ತಾಯಿ ಏನು ಕೊಡುತ್ತಿದ್ದಳು?"

"ಮದ್ದು."

"ಹಗೆಯವರ ಮನೆಯಲ್ಲಿ ಉಂಡು ಬಂದವನು ರಕ್ತ ಕಾರಿ ಸತ್ತರೆ ಜನ ಏನನ್ನುತ್ತಾರೆ?"

ಮಾಚಣನ ದನಿ ತಗ್ಗಿತು.

"ಮದ್ದು ಹಾಕಿದರು ಅನ್ನುತ್ತಾರೆ."

"ಫಾರ್ಮಕೋನ್ ಅಂದರೂ ಅಷ್ಟೇ."

ಮಾಚಣನ ಮುಖ ಕಿವಿಯವರೆಗೂ ಬಿಸಿಯಾಯಿತು. ಮದ್ದು ಎಂದಿದ್ದರೆ ಯಾವುದಕ್ಕೆ ಮದ್ದು ಎಂದು ಹೆಗ್ಗಡೆ ಕೇಳುತ್ತಿದ್ದ. ತಾನೂ ಥಿಯೋನನನ್ನು ಕೇಳುತ್ತಿದ್ದ. ಆ ಪದ ಅಂದು ನಾಲಿಗೆಗೆ ಬರಲೇ ಇಲ್ಲವೆಂದು ಹೇಳುವಂತೆಯೂ ಇರಲಿಲ್ಲ. ಬಂದಿತ್ತು. ಅಷ್ಟು ಜನರ ಮುಂದೆ ಆಡಲು ಅದು ತೀರಾ ಮನೆಯೊಳಗಿನ ಸಾದಾ ಮಾತಾಗಿ ಕಂಡಿತ್ತು.

"ಆ ಮದ್ದು ಇದ್ದಿದ್ದರೆ ಅವನು ಬದುಕುತ್ತಿದ್ದನೇ?" ಎಂದು ನೆಲ ನೋಡುತ್ತ ಕೇಳಿದ.

"ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ."

ಮಾಚಣ ಅಳಲಿಲ್ಲ. ಅಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನಿಸಿತು. ಕ್ಷಮೆಗೆ ಯವನರು ಏನನ್ನುತ್ತಾರೆ ಎಂದು ಕೇಳಿದ.

"ಸುಂಗ್ನೋಮೆ." ಗುರುಗಳು ಪದವನ್ನು ಬಿಡಿಸಿ ಹೇಳಿದರು. ಸುನ್ ಎಂದರೆ ಜೊತೆಗೆ, ಗ್ನೋಮೆ ಎಂದರೆ ಅರಿವು. "ನಿನಗೆ ಗೊತ್ತಿರುವುದೆಲ್ಲ ಮೊದಲು ಆ ಅಣ್ಣನಿಗೂ ಗೊತ್ತಾಗಲಿ."

ಮಾಚಣ ಛತ್ರಕ್ಕೆ ಹೋದ. ಅದೇ ಜನರ ಮುಂದೆ, ತಪ್ಪು ತನ್ನದೆಂದು ಹೇಳಿದ. ಯಾರೂ ಬೈಯಲಿಲ್ಲ. ಹೆಗ್ಗಡೆ ಮುಖ ತಿರುಗಿಸಿಕೊಂಡು ಉಗ್ರಾಣದ ಬಾಗಿಲು ತೆಗೆಸಿದ.

ಥಿಯೋನ್ ತಮ್ಮನ ಹೆಣವನ್ನು ಹೊತ್ತು ನೇರವಾಗಿ ಹೊಳೆಯ ದಡಕ್ಕೆ ನಡೆದ. ಅಲ್ಲಿ ಮರಳು ತೋಡಿ ತಮ್ಮನನ್ನು ಮಲಗಿಸಿದ. ಮಾಚಣ ಮಣ್ಣೆಳೆಯಲು ಕೈ ಹಾಕಿದಾಗ ಅವನ ಕೈ ಸರಿಸಿದ.

ಎಲ್ಲ ಮುಗಿದ ಮೇಲೆ ಮಾಚಣ ತುಸು ದೂರದಲ್ಲಿ ಕೂತು ಹೇಳತೊಡಗಿದ. ಪದವನ್ನು ಅರ್ಧ ಕಲಿತದ್ದನ್ನು ಹೇಳಿದ. ಜನ ತನ್ನನ್ನು ನೋಡುತ್ತಿದ್ದಾಗ ಹಿತವಾಗಿದ್ದನ್ನೂ, ಮನೆಯ ಮಾತಾಡಲು ನಾಚಿದ್ದನ್ನೂ, ಅವನ ಕೂಗಿಗೆ ಕಿವಿಗೊಡದಿದ್ದನ್ನೂ ಬಿಡಲಿಲ್ಲ. ಕೊನೆಗೆ ಸುಂಗ್ನೋಮೆ ಎಂದ.

ಥಿಯೋನ್ ಆ ಪದಕ್ಕೆ ಉತ್ತರ ಕೊಡಲಿಲ್ಲ. ಅಂದು ನಿನ್ನ ಜನಕ್ಕೆ ಏನೆಂದೆ, ನಿನ್ನ ಭಾಷೆಯಲ್ಲೇ ಹೇಳು ಎಂದಷ್ಟೇ ಕೇಳಿದ.

"ವಿಷ" ಎಂದ ಮಾಚಣ.

"ವಿಷ" ಎಂದು ಥಿಯೋನ್ ತೊದಲಿದ. ಸರಿಯಾಗಿ ಬರುವವರೆಗೂ ಮತ್ತೆ ಮತ್ತೆ ಹೇಳಿಕೊಂಡ. ಆಮೇಲೆ ಹೊಳೆಯ ಕಡೆ ತಿರುಗಿ ಕೂತ.

ಮಾಚಣ ತಲೆ ತಗ್ಗಿಸಿಕೊಂಡು ಆಶ್ರಮಕ್ಕೆ ಮರಳಿದ. ಗುರುಗಳ ಎದುರು ನಿಲ್ಲಲಾಗದೆ ಕಂಬದ ಮರೆಯಲ್ಲಿ ನಿಂತ.

"ಅವನು ಕ್ಷಮಿಸಲಿಲ್ಲ, ಗುರುಗಳೇ. ನಮ್ಮ ಭಾಷೆಯಲ್ಲಿ ಅವನಿಗೆ ಈಗ ಗೊತ್ತಿರುವುದು ಒಂದೇ ಪದ. ಅದನ್ನು ಕಲಿಸಿದವನು ನಾನು."

ನಾಗಾರ್ಯರು ಬಾಗಿಲ ಕಡೆ ಕೈ ತೋರಿದರು.

"ಹಾಗಿದ್ದರೆ ಹೋಗು. ಎರಡನೆಯ ಪದ ಅವನಾಗಿಯೇ ಕೇಳುವವರೆಗೂ ಅಲ್ಲೇ ಇರು."