ಕಣ್ಣು ಮುಚ್ಚದ ಹೊನ್ನವ್ವ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಮಾಡಿದರೆ ಕಥೆ ಓಡಿಹೋಗುತ್ತದೆ. ಒಂದಾನೊಂದು ರಾಜ್ಯದಲ್ಲಿ ಹೊನ್ನವ್ವ ಅನ್ನೋ ಬಳೆಗಾರ್ತಿ ಇದ್ದಳು. ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗಿದರಷ್ಟೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಆದರೆ ದಾರಿಯ ಕತ್ತಾಳೆ ಹಳ್ಳದಲ್ಲಿ ಒಬ್ಬ ಮುಸುಕಿನ ಕಳ್ಳ ಕಾಯುತ್ತಿದ್ದ.

ಆಗ ಬಂಡೆಪ್ಪ ಅನ್ನೋ ಕುಸ್ತಿ ಉಸ್ತಾದ ತಾನಾಗಿಯೇ ರಾಜನ ಬಳಿ ಬಂದ. "ಮಹಾಪ್ರಭು, ವ್ಯಾಪಾರಿಗಳಿಗೆ ಬರಿಗೈ ವರಸೆ ಕಲಿಸ್ತೀನಿ," ಅಂದ. ರಾಜ ಗರಡಿ ಕಟ್ಟಿಸಿಕೊಟ್ಟ. ಉಸ್ತಾದ ಚೆನ್ನಾಗಿಯೇ ಕಲಿಸಿದ. ಮಣಿಕಟ್ಟು ಹಿಡಿ, ತಿರುವು, ಕಾಲು ಕೊಟ್ಟು ಕೆಡವು! ಜೊತೆಗೊಂದು ಕಟ್ಟಳೆ ಹಾಕಿದ.

"ಕಳ್ಳ ಎದುರಾದರೆ ಮೊದಲು ಗಂಟು ಕೆಳಗಿಡಿ. ಕೈ ಮುಗಿದು, ಕಣ್ಣು ಮುಚ್ಚಿ, ಗುರುವನ್ನ ನೆನೀರಿ. ವರಸೆ ಆಮೇಲೆ."

ಗಾಣಿಗರ ಈರಣ್ಣ ಹಳ್ಳದ ದಾರೀಲಿ ಹೋದ, ಗುರುವನ್ನ ನೆನೆದ, ಕಣ್ಣು ಬಿಟ್ಟರೆ ಎಣ್ಣೆ ಕೊಡ ಇಲ್ಲ. ನೇಕಾರ ಮಾದಣ್ಣ ಹೋದ, ನೆನೆದ, ಸೀರೆ ಗಂಟು ಇಲ್ಲ. ಬೆಲ್ಲದ ಗೌರಕ್ಕ ಹೋದಳು, ನೆನೆದಳು. ಬೆಲ್ಲವೂ ಇಲ್ಲ, ಬುಟ್ಟಿಯೂ ಇಲ್ಲ.

"ನಿಮ್ಮ ಭಕ್ತಿ ಸಾಲದು. ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ," ಅಂದ ಉಸ್ತಾದ. ಪಾಪ, ಮೂವರೂ ನಾಚಿ ತಲೆ ತಗ್ಗಿಸಿದರು.

ಹೊನ್ನವ್ವನಿಗೆ ಅನುಮಾನದ ಹುಳ ಹೊಕ್ಕಿತು. ಮರುದಿನ ಗರಡಿಯಲ್ಲಿ ಎಲ್ಲರೂ ಗುರುವನ್ನು ನೆನೆಯುವಾಗ ಓರೆಗಣ್ಣಲ್ಲಿ ನೋಡಿದಳು. ಉಸ್ತಾದ ಕಣ್ಣು ಮುಚ್ಚಿರಲಿಲ್ಲ. ಗೋಡೆಗೆ ಒರಗಿಸಿದ್ದ ಗಂಟುಗಳನ್ನೇ ನೋಡುತ್ತಿದ್ದ.

"ಗೌರಕ್ಕಾ, ಈ ಗುರು ಯಾಕೋ ಸರಿಯಿಲ್ಲ."

"ಗುರುನೇ ಅನುಮಾನಿಸ್ತೀಯೇನೇ? ನಾಲಿಗೆ ಬಿದ್ದೋದೀತು!"

"ಹಂಗಾದ್ರೆ ನಾಳೆ ನೀವು ಮೂವರೂ ನನ್ನ ಹಿಂದೆ ಬಂದು ಪೊದೆ ಮರೆಯಲ್ಲಿ ನಿಂತು ನೋಡಿ."

ಮರುದಿನ ಹಳ್ಳದಲ್ಲಿ ಮುಸುಕಿನವನು ದಾರಿಗೆ ಅಡ್ಡ ಬಂದ. ಹೊನ್ನವ್ವನ ಎದೆ ಡವಡವ ಹೊಡೆದುಕೊಂಡಿತು. ಮಲಾರ ಹೋದರೆ ಮನೆಗೆ ಉಪವಾಸವೇ ಗತಿ. ಆದರೂ ಉಸಿರನ್ನು ನಿಧಾನಕ್ಕೆ ಎಳೆದು, ನಿಧಾನಕ್ಕೆ ಬಿಟ್ಟು, ಮನಸ್ಸನ್ನು ಹದಕ್ಕೆ ತಂದಳು. ಮಲಾರ ಕೆಳಗಿಟ್ಟು ಕೈ ಮುಗಿದಳು. ರೆಪ್ಪೆಯನ್ನು ಅರ್ಧವಷ್ಟೇ ಇಳಿಸಿದಳು.

ಕಳ್ಳ ಬಗ್ಗಿ ಕೈ ಚಾಚಿದ. ಮಣಿಕಟ್ಟು ಹಿಡಿದಳು, ತಿರುವಿದಳು, ಕಾಲು ಕೊಟ್ಟು ಕೆಡವಿದಳು! ಮುಸುಕು ಜಾರಿತು. ನೋಡಿದರೆ ಬಂಡೆಪ್ಪ ಉಸ್ತಾದ.

"ಅಯ್ಯಯ್ಯೋ, ಬಿಡೇ! ನಾನು ನಿನ್ನ ಗುರು!"

"ಹೌದು ಗುರುಗಳೇ, ನಿಮ್ಮನ್ನೇ ನೆನೀತಾ ಇದ್ದೀನಿ," ಅಂತ ಇನ್ನೊಂದು ಸುತ್ತು ತಿರುವಿದಳು.

ಪೊದೆಯಿಂದ ಮೂವರೂ ಹೊರಬಂದು ಅವನ ಮುಸುಕಿನಿಂದಲೇ ಅವನನ್ನು ಕಟ್ಟಿ ರಾಜನ ಮುಂದೆ ನಿಲ್ಲಿಸಿದರು. ರಾಜ ಅವನನ್ನು ಸೆರೆಮನೆಗೆ ತಳ್ಳಿ, ಗರಡಿಯನ್ನು ಹೊನ್ನವ್ವನ ಕೈಗೆ ಕೊಟ್ಟ.

ಕಲಿಸಿದವರಿಗೆ ಕೈ ಮುಗಿಯಿರಿ ಮಕ್ಕಳೇ, ಆದರೆ ಕಣ್ಣು ಬಿಟ್ಟುಕೊಂಡೇ ಮುಗಿಯಿರಿ. ಮನಸ್ಸು ನಿದ್ದೆ ಹೋದರೆ ಯಾವ ವರಸೆಯೂ ನಿಮ್ಮನ್ನು ಕಾಯುವುದಿಲ್ಲ.